ತಪ್ಪಿಲ್ಲದ ಬಟ್ಟೆ ತಿರುಗಿ ಬಂತು

೧೯೭೬ರ ಆರಂಭದಲ್ಲಿ ನನ್ನನ್ನು ಬೈಲಹೊಂಗಲಕ್ಕೆ ವರ್ಗ ಮಾಡಿದರು. ಹುದ್ದೆ, ಕೈಮಗ್ಗದ ಬಟ್ಟೆ ಪರೀಕ್ಷಿಸುವ ಇನ್‌ಸ್ಪೆಕ್ಟರ್. ಹುಟ್ಟೂರು ಕಿತ್ತೂರು ಹತ್ತಿರವಾಯಿತೆಂದು ಮನೆಯವರಿಗೆ ಸಂತೋಷ. ವಾರಕ್ಕೆರಡು ದಿನ ನಾನು ಬಸ್ಸು ಹಿಡಿದು ಸವದತ್ತಿ ದಾಟಿ ರಾಮದುರ್ಗಕ್ಕೆ ಹೋಗಬೇಕಿತ್ತು. ಅಲ್ಲಿನ ನೇಕಾರರ ಸೊಸೈಟಿಯೊಂದು ಹೊರದೇಶಕ್ಕೆ ಬಟ್ಟೆ ಕಳಿಸಲು ಆಗತಾನೆ ಶುರು ಮಾಡಿತ್ತು.

ನನ್ನ ಕೆಲಸದ ಮುಖ್ಯ ಸಾಧನ ಪಿಕ್ ಗ್ಲಾಸ್ ಎಂಬ ಮಡಚುವ ಸಣ್ಣ ಭೂತಗನ್ನಡಿ. ಬಟ್ಟೆಯ ಮೇಲೆ ಅದನ್ನಿಟ್ಟು ಒಂದು ಅಂಗುಲದಲ್ಲಿ ಉದ್ದದ ಎಳೆ ಎಷ್ಟು, ಅಡ್ಡ ಎಳೆ ಎಷ್ಟು ಎಂದು ಎಣಿಸುವುದು. ಅಂಚು ಸೊಟ್ಟಗಿದ್ದರೆ, ಎಳೆ ತಪ್ಪಿದ್ದರೆ ಸೀಮೆಸುಣ್ಣದಿಂದ ಗುರುತು ಹಾಕುವುದು. ತಪ್ಪಿಲ್ಲದಿದ್ದರೆ ‘ಕೈಮಗ್ಗದ್ದು’ ಎಂದು ಶಿಕ್ಕೆ ಹೊಡೆದು ಸರ್ಟಿಫಿಕೇಟು ಬರೆಯುವುದು.

ಆ ಸರ್ಟಿಫಿಕೇಟಿಗೆ ಅಷ್ಟು ಬೆಲೆ ಬಂದದ್ದಕ್ಕೆ ಕಾರಣವಿತ್ತು. ಎರಡು ವರ್ಷ ಹಿಂದೆ, ೧೯೭೪ರಲ್ಲಿ, ಜವಳಿ ವ್ಯಾಪಾರಕ್ಕೊಂದು ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದಿತ್ತು. ಬಡ ದೇಶಗಳ ಅಗ್ಗದ ಬಟ್ಟೆ ನುಗ್ಗಿ ಬಂದರೆ ತಮ್ಮ ಗಿರಣಿಗಳು ಮುಚ್ಚುತ್ತವೆ ಎಂಬ ಭಯ ಶ್ರೀಮಂತ ದೇಶಗಳಿಗೆ. ಹಾಗಾಗಿ ಯಾವ ದೇಶ ವರ್ಷಕ್ಕೆ ಎಷ್ಟು ಬಟ್ಟೆ ಕಳಿಸಬಹುದೆಂದು ಮಿತಿ ಹಾಕಲು ಅವಕಾಶ ಮಾಡಿಕೊಂಡಿದ್ದರು. ಅದೇ ಕೋಟಾ. ಕೈಮಗ್ಗದ ಬಟ್ಟೆಗೆ ಮಾತ್ರ ವಿನಾಯಿತಿ. ಕೈಯಿಂದ ನೇಯ್ದದ್ದೆಂದು ಸಾಬೀತಾದರೆ ಕೋಟಾದ ಹಂಗಿಲ್ಲ. ನನ್ನಂಥವನ ಸಹಿಯೇ ಆ ಸಾಬೀತಿನ ಮೊದಲ ಮೆಟ್ಟಿಲು.

ಹೊರದೇಶದ ಆರ್ಡರು ಬಂದ ಮೇಲೆ ಸೊಸೈಟಿಯ ಕಳೆಯೇ ಬದಲಾಗಿತ್ತು. ಹದಿನೆಂಟು ಮಗ್ಗ ನಡೆಯುತ್ತಿದ್ದಲ್ಲಿ ನಲವತ್ತು ನಡೆಯತೊಡಗಿದವು. ಇಚಲಕರಂಜಿಯ ಪವರ್‌ಲೂಮಿಗೆ ದುಡಿಯಲು ಹೋಗಿದ್ದ ಐದಾರು ಕುಟುಂಬಗಳು ಗಂಟುಮೂಟೆ ಹೊತ್ತು ವಾಪಸು ಬಂದವು. ಸೆಕ್ರೆಟರಿ ಬಸಲಿಂಗಪ್ಪನವರು ನನ್ನನ್ನು ಮೊದಲ ದಿನವೇ ದೇವೇಂದ್ರಪ್ಪ ಎಂಬ ನೇಕಾರನ ಮನೆಗೆ ಕರೆದೊಯ್ದರು.

“ಸಾಹೇಬ್ರ, ಇವನ ಅರಿವಿ ಮ್ಯಾಲ ಗಾಜ ಇಡೂದ ಬ್ಯಾಡ್ರಿ. ಕಣ್ಣ ಮುಚ್ಚಿ ಶಿಕ್ಕಾ ಹೊಡೀರಿ” ಎಂದರು.

ಆದರೂ ಗಾಜು ಇಟ್ಟೆ. ಹತ್ತು ಕಡೆ ಎಣಿಸಿದೆ. ಹತ್ತೂ ಕಡೆ ಅದೇ ಸಂಖ್ಯೆ. ದೇವೇಂದ್ರಪ್ಪನಿಗೆ ಆಗ ನಲವತ್ತೈದರ ವಯಸ್ಸು. ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತು ಹಗ್ಗ ಎಳೆದು ಲಾಳಿ ಓಡಿಸುವಾಗ ಅವನ ಭುಜ ಅಲುಗುತ್ತಿರಲಿಲ್ಲ. ಹೆಂಡತಿ ಗಂಗವ್ವ ಪಕ್ಕದಲ್ಲಿ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತ ಎಳೆಯನ್ನು ಬೆರಳಲ್ಲೇ ತಡವಿ, ಸಣ್ಣ ಗಂಟಿದ್ದರೂ ಕಿತ್ತೆಸೆಯುತ್ತಿದ್ದಳು. ನನ್ನ ಸರ್ವಿಸಿನಲ್ಲಿ ಅಂಥ ಬಟ್ಟೆ ಮತ್ತೆ ನೋಡಲಿಲ್ಲ.

ಮೊದಲ ಕಂತು ತಕರಾರಿಲ್ಲದೆ ಪಾಸಾಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಎರಡನೆಯ ಕಂತಿನ ಬಟ್ಟೆ ಮುಂಬೈ ಬಂದರಿನಿಂದ ಹಡಗೇರಿತು. ಮೂರು ತಿಂಗಳಲ್ಲಿ ತಿರುಗಿ ಬಂತು. ಎಲ್ಲವೂ ಅಲ್ಲ, ದೇವೇಂದ್ರಪ್ಪನೂ ಅವನ ಕೈಯಲ್ಲಿ ಪಳಗಿದ ಇನ್ನು ಏಳು ಜನರೂ ನೇಯ್ದದ್ದು ಮಾತ್ರ. ಕೊಳ್ಳುವ ದೇಶದ ಕಸ್ಟಮ್ಸ್‌ನವರು ಬರೆದಿದ್ದರು: ಅಂಚು ಪೂರ್ತಿ ನೇರವಾಗಿದೆ, ಎಳೆಗಳಲ್ಲಿ ಏರುಪೇರಿಲ್ಲ, ಇದು ಕೈಮಗ್ಗದ ಬಟ್ಟೆಯಾಗಿರಲು ಸಾಧ್ಯವಿಲ್ಲ. ಕೈಮಗ್ಗದ್ದಲ್ಲವೆಂದರೆ ಕೋಟಾದೊಳಗೆ ಬರಬೇಕು. ಆ ವರ್ಷದ ಕೋಟಾ ತುಂಬಿತ್ತು.

ಮೇಲಿನ ಕಚೇರಿಯಿಂದ ನನಗೆ ಪತ್ರ ಬಂತು. ಮುಂದಿನ ಬಟ್ಟೆಯಲ್ಲಿ ‘ಕೈಮಗ್ಗದ ಸಹಜ ಲಕ್ಷಣಗಳು ಎದ್ದು ಕಾಣುವಂತೆ’ ನೇಕಾರರಿಗೆ ತಿಳಿವಳಿಕೆ ಕೊಡಬೇಕು. ಪತ್ರ ಜೇಬಿನಲ್ಲಿಟ್ಟುಕೊಂಡು ರಾಮದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಈ ಮಾತನ್ನು ಹೇಗೆ ಹೇಳಲಿ ಎಂದೇ ಯೋಚಿಸಿದೆ. ಕೊನೆಗೆ ಸುತ್ತಿಬಳಸದೆ ಹೇಳಿದೆ.

“ದೇವೇಂದ್ರಪ್ಪಾರ, ಇನ್ನ ಮುಂದ ಸ್ವಲ್ಪ ಸಡಲ ನೇಯ್ರಿ. ಅಂಚ ಅಲ್ಲಲ್ಲಿ ಸೊಟ್ಟ ಬರಲಿ. ಎಳಿ ಒಂದೊಂದ ಕಡೆ ದಪ್ಪ ಆಗಲಿ.”

ಅವನು ಲಾಳಿ ನಿಲ್ಲಿಸಿದ. “ಅಂಚ ಸೊಟ್ಟ ಇದ್ರ ಶಿಕ್ಕಾ ಇಲ್ಲಂತ ನೀವ ಹೇಳಿದ್ರೆಲ್ರಿ?”

“ಹೇಳಿದ್ದೆ, ಖರೆ.”

“ಈಗ ನೆಟ್ಟಗಿದ್ರ ಶಿಕ್ಕಾ ಇಲ್ಲ?”

ನಾನು ಕೋಟಾದ ನಿಯಮ ವಿವರಿಸಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಗಂಗವ್ವ ಮಾತ್ರ ಕಂಡಿಕೆ ಕೆಳಗಿಟ್ಟು ನನ್ನನ್ನೇ ನೋಡಿದಳು. “ಕೈಲೆ ನೇಯೋರು ಅಂದ್ರ ದಡ್ಡರ ಇರಬೇಕಂತ ತಿಳದಾರೇನ್ರಿ ಅಲ್ಲಿ ಮಂದಿ?”

ಅವರು ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಕೆಟ್ಟದಾಗಿ ನೇಯುವುದು ಅವನಿಗೆ ಬರಲಿಲ್ಲ. ಮೊದಲ ವಾರ ಬೇಕೆಂದೇ ಬಿಟ್ಟ ತಪ್ಪುಗಳೂ ಒಂದೇ ಅಂತರದಲ್ಲಿ ಬಿದ್ದಿದ್ದವು. ಕಡೆಗೆ ಎಡಗೈಯಲ್ಲಿ ಲಾಳಿಯ ಹಗ್ಗ ಎಳೆದು, ಅಡ್ಡ ಎಳೆ ಕೂರಿಸುವ ಹಣಿಗೆಯನ್ನು ಒಮ್ಮೆ ಜೋರಾಗಿ ಒಮ್ಮೆ ಮೆಲ್ಲಗೆ ಬಡಿದು ರೂಢಿಸಿಕೊಂಡ. ಉಳಿದ ಏಳು ಜನರೂ ಹಾಗೇ ಕಲಿತರು. ಗಂಗವ್ವ ಎಳೆಯ ಗಂಟು ಕೀಳುವುದನ್ನು ಬಿಟ್ಟಳು. ನಾನು ಸೀಮೆಸುಣ್ಣದ ಗುರುತು ಹಾಕುವುದನ್ನು ಬಿಟ್ಟೆ. ೧೯೭೭ರ ಬೇಸಿಗೆಯಲ್ಲಿ ಆ ಬಟ್ಟೆ ಹೋಯಿತು, ಕಸ್ಟಮ್ಸ್‌ನಲ್ಲಿ ಒಂದು ಪ್ರಶ್ನೆಯೂ ಬರದೆ ಪಾಸಾಯಿತು. ಬಸಲಿಂಗಪ್ಪನವರು ಸೊಸೈಟಿಯಲ್ಲಿ ಪೇಢಾ ಹಂಚಿದರು. ದೇವೇಂದ್ರಪ್ಪ ಅಂದು ಬರಲಿಲ್ಲ.

ಎರಡು ತಿಂಗಳಿಗೆ ಖರೀದಿದಾರರ ಪತ್ರ ಬಂತು. ಬಟ್ಟೆ ಮೊದಲಿನಂತಿಲ್ಲ, ಅಂಗಿ ಹೊಲಿಯಲು ಹೋದರೆ ಅಂಚು ಕೂಡುವುದಿಲ್ಲ, ಇನ್ನು ಆರ್ಡರು ಕೊಡುವುದಿಲ್ಲ.

ಚೆನ್ನಾಗಿ ನೇಯ್ದರೆ ಬಾಗಿಲು ತೆರೆಯುವುದಿಲ್ಲ, ತೆರೆಯುವಂತೆ ನೇಯ್ದರೆ ಒಳಗೆ ಕೊಳ್ಳುವವರಿಲ್ಲ. ರಾಮದುರ್ಗದ ಒಂದು ಓಣಿ ತನ್ನ ಕಾಲ ಮೇಲೆ ನಿಲ್ಲುವುದಕ್ಕೆ ಇದ್ದ ದಾರಿ ಅಲ್ಲಿಗೆ ಮುಗಿಯಿತು. ಕೈಮಗ್ಗವನ್ನು ಉಳಿಸಲೆಂದು ಬರೆದ ವಿನಾಯಿತಿಯಿಂದಲೇ ಮಗ್ಗಗಳು ಒಂದೊಂದಾಗಿ ನಿಂತವು. ಬಂದಿದ್ದ ಕುಟುಂಬಗಳು ಮತ್ತೆ ಇಚಲಕರಂಜಿಗೆ ಹೋದವು, ಈ ಸಲ ಇನ್ನೂ ಹತ್ತು ಮನೆಗಳನ್ನು ಜೊತೆಗೆ ಕರೆದುಕೊಂಡು.

ಆರ್ಡರು ಏಕೆ ನಿಂತಿತೆಂದು ಮೇಲಿನವರು ವರದಿ ಕೇಳಿದರು. ಒಂದೇ ಪುಟದ ನಮೂನೆ, ಕೆಳಗೆ ನನ್ನ ಅಭಿಪ್ರಾಯ ಬರೆಯಲು ‘ಷರಾ’ ಎಂಬ ಕಲಮು. ನಡೆದದ್ದನ್ನು ಇದ್ದಂತೆ ಬರೆದರೆ ಕೆಟ್ಟದಾಗಿ ನೇಯಲು ಹೇಳಿದವರು ಯಾರೆಂಬ ಪ್ರಶ್ನೆ ಏಳುತ್ತಿತ್ತು. ಮೇಲಧಿಕಾರಿ ಫೋನಿನಲ್ಲಿ, “ಉದ್ದ ಬರೆಯಬೇಡಿ” ಎಂದಷ್ಟೇ ಹೇಳಿದರು. ನಾನು ಬರೆದೆ: “ನೇಕಾರರ ಕೆಲಸದಲ್ಲಿ ಗುಣಮಟ್ಟದ ಏಕರೂಪತೆ ಇಲ್ಲದಿರುವುದು ಕಾರಣ.” ಸಹಿ ಹಾಕಿ ಟಪಾಲಿಗೆ ಕೊಟ್ಟೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

೧೯೭೮ರ ಚಳಿಗಾಲದಲ್ಲಿ ಸವದತ್ತಿಯಿಂದ ಉಗರಗೋಳದ ಕಡೆ ಹೋಗುವಾಗ ಬಸ್ಸು ಕೆಟ್ಟು ನಿಂತಿತು. ರಸ್ತೆ ಬದಿಯಲ್ಲಿ ಕಾಲುವೆ ತೋಡುವ ಕೆಲಸ ನಡೆದಿತ್ತು. ಮಣ್ಣು ಹೊರುವವರ ಸಾಲಿನಿಂದ ಒಬ್ಬ ಹೊರಬಂದು, “ಸಾಹೇಬ್ರ, ಆರಾಮ ಅದೀರೇನ್ರಿ?” ಎಂದ. ದೇವೇಂದ್ರಪ್ಪ. ಬೆರಳ ಸಂದುಗಳು ಒಡೆದು ದಪ್ಪಗಾಗಿದ್ದವು. ಗಂಗವ್ವ ಊರಲ್ಲೇ ಇದ್ದಾಳೆ, ಮಗ್ಗದ ಕುಣಿಯನ್ನು ಮುಚ್ಚಿ ಮೇಲೆ ಸಗಣಿ ಸಾರಿಸಿದ್ದೇವೆ ಎಂದು ಹೇಳಿದ. ಹೋಗಲು ತಿರುಗಿದವನು ಮತ್ತೆ ನಿಂತ.

“ಒಂದ ಮಾತ ಕೇಳಲೇನ್ರಿ? ನನ್ನ ಮೊದಲಿನ ಅರಿವ್ಯಾಗ ತಪ್ಪ ಏನರ ಇತ್ತೇನ್ರಿ?”

“ಇರಲಿಲ್ರಿ. ಒಂದೂ ಇರಲಿಲ್ಲ.”

“ಹಂಗಂತ ಕಾಗದದಾಗ ಬರದ್ರೇನ್ರಿ?”

ನಾನು ಕೆಟ್ಟು ನಿಂತ ಬಸ್ಸಿನ ಕಡೆ ತಿರುಗಿದೆ. ಅವನಿಗೆ ಅರ್ಥವಾಯಿತು. “ಇರಲಿ ಬಿಡ್ರಿ” ಎಂದು ಬುಟ್ಟಿ ಎತ್ತಿಕೊಂಡು ಸಾಲಿಗೆ ಸೇರಿಕೊಂಡ.

ಸಮುದ್ರದಾಚೆ ಬರೆದ ನಿಯಮವನ್ನು ಬೈಲಹೊಂಗಲದ ಒಬ್ಬ ಇನ್‌ಸ್ಪೆಕ್ಟರ್ ತಿದ್ದಲಾರ. ಆದರೆ ಷರಾದ ಕಲಮು ನನ್ನದಾಗಿತ್ತು. ಅಲ್ಲಿ ನಿಯಮದ ತಪ್ಪನ್ನು ನಾನು ನೇಕಾರನ ಹೆಸರಿಗೆ ಬರೆದಿದ್ದೆ. ಆಮೇಲಿನ ಸರ್ವಿಸಿನಲ್ಲಿ ಹಾಗೆ ಎಂದೂ ಬರೆಯಲಿಲ್ಲ. ಉದ್ದ ಬರೆದೆ, ಅದಕ್ಕಾಗಿ ಎರಡು ಸಲ ಮೆಮೊ ತೆಗೆದುಕೊಂಡೆ. ದೇವೇಂದ್ರಪ್ಪ ಮಾತ್ರ ಮತ್ತೆ ಮಗ್ಗಕ್ಕೆ ಕೂಡಲಿಲ್ಲ.