ಸಾಯಲಿಗೆ ಕನ್ನಡ ಬರುವುದಿಲ್ಲ

ಕೋವಿಡ್ ಮುಗಿದ ಮೇಲಿನ ಒಂದು ಜುಲೈ. ನಾನಾಗ ಮಿರಜಿನ ಒಂದು ವಿಜ್ಞಾನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕ; ಜೊತೆಗೆ ಸ್ಟೂಡೆಂಟ್ ಕೌನ್ಸೆಲರ್. ಈ ಎರಡನೆಯ ಹುದ್ದೆಗೆ ಬಾಗಿಲ ಮೇಲೊಂದು ಫಲಕವಿತ್ತು. ದೇಶದ ಯುವಜನತೆ ಅದನ್ನು ಓದಿ ಒಳಗೆ ಬರುತ್ತಿತ್ತು, ಹೆಚ್ಚಾಗಿ ಫ್ಯಾನಿನ ಗಾಳಿಗೆ.

ಸಾಯಲಿ ಮಾತ್ರ ಕೆಲಸವಿದ್ದೇ ಬಂದಳು. ಕುಪವಾಡದ ಹುಡುಗಿ, ಬಯೋಟೆಕ್ನಾಲಜಿಯಲ್ಲಿ ಎರಡು ವರ್ಷ ಮುಗಿಸಿದ್ದಳು. ಆ ವಿಭಾಗವೇ ಮುಚ್ಚುತ್ತದೆಂದು ಗಾಳಿಮಾತು. ನಿಜವಾದರೆ ಬೇರೆ ವಿಷಯಕ್ಕೆ ಸೇರಿ ಮೊದಲಿನಿಂದ ಓದಬೇಕು. ಕೊಲ್ಲಾಪುರದ ಕಾಲೇಜೊಂದರಲ್ಲಿ ಇದೇ ವಿಷಯದ ಮೂರನೆಯ ವರ್ಷಕ್ಕೆ ಸೀಟು ಖಾಲಿಯಿತ್ತು. ಆದರೆ ಅಲ್ಲಿ ಹಾಸ್ಟೆಲ್‌ನಲ್ಲಿರಬೇಕು. ತಾಯಿ ಕಾರ್ಖಾನೆಯ ಪಾಳಿಗೆ ಹೋದರೆ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡುವವರಿಲ್ಲ.

“ಸರ್, ರಾಹೂ ಕೀ ಜಾಊ?” ಎಂದಳು ಮರಾಠಿಯಲ್ಲಿ. ಇರಲೋ, ಹೋಗಲೋ?

ನಾನು ಪ್ರಾಚಾರ್ಯರನ್ನು ಕೇಳಿದೆ. ವಿಜಯಪುರದ ಕಡೆಯವರು, ಇಪ್ಪತ್ತು ವರ್ಷ ನನ್ನ ಜೊತೆ ಚಹಾ ಕುಡಿದವರು. ಎದೆಯ ಮೇಲೆ ಕೈಯಿಟ್ಟುಕೊಂಡು, “ನಾ ಇರೂತನಕ ಮುಚ್ಚಂಗಿಲ್ರಿ. ಧೈರ್ಯಾ ಹೇಳ್ರಿ ಆಕಿಗೆ” ಎಂದರು. ನಾನು ಧೈರ್ಯ ಹೇಳಿದೆ, ವಿಧಿವತ್ತಾಗಿ.

ವರ್ಗಾವಣೆಯ ಕೊನೆಯ ದಿನ ಸಾಯಲಿ ಮತ್ತೆ ಬಂದಳು. ಕಾಲೇಜು ಬಿಡುವವರಿಗೆ ಎನ್‌ಒಸಿ ಬೇಕು. ಅಂದರೆ ‘ನಮ್ಮ ಅಡ್ಡಿಯಿಲ್ಲ’ ಎಂದು ಅಡ್ಡಿ ಮಾಡಬಲ್ಲವರೇ ಬರೆದುಕೊಡುವ ಪತ್ರ. ಅದು ಬೇಡವೆನ್ನಲು ಬಂದಿದ್ದಳು. ಪ್ರಾಚಾರ್ಯರ ಬಾಯಿಂದಲೇ ಒಮ್ಮೆ ಕೇಳಿಬಿಟ್ಟರೆ ನಿಶ್ಚಿಂತೆ ಎಂದಳು. ಕರೆದೊಯ್ದೆ.

ಅವರು ಅವಳಿಗೆ ಮರಾಠಿಯಲ್ಲಿ ಆಶೀರ್ವಚನ ನೀಡಿದರು. ಆಮೇಲೆ ಮುಖದ ನಗು ಕದಲದಂತೆ ನನ್ನತ್ತ ತಿರುಗಿ ಕನ್ನಡಕ್ಕಿಳಿದರು: “ಮುಚ್ಚೂದು ಖರೇನ ಐತ್ರಿ. ಆಡಳಿತ ಮಂಡಳಿ ಠರಾವ್ ಮಾಡೇತಿ. ಇವತ್ತ ಈಕಿ ಎದ್ದು ಹೋದ್ರ ಬೆನ್ನಹಿಂದ ಎಲ್ಲಾರೂ ಹೋಗ್ತಾರ, ಉಳಿದ ವಿಭಾಗದ ಅಡ್ಮಿಶನ್ನೂ ಕೆಡತಾವು. ಇದೊಂದಿನ ಹಿಡದ ಇಟಗೋರಿ.”

ಮಿರಜಿನಲ್ಲಿ ಕನ್ನಡವನ್ನು ಗುಪ್ತಭಾಷೆಯೆಂದು ನಂಬುವುದು ಹೊಳೆದಂಡೆಯ ಹರಿಪುರದಲ್ಲಿ ಮಳೆಗಾಲದ ಹೊಳೆ ಊರೊಳಗೆ ಬರುವುದಿಲ್ಲವೆಂದು ನಂಬಿದ ಹಾಗೆ. ನಾನು ಬಾಯಿ ತೆರೆಯುವ ಮೊದಲೇ ಸಾಯಲಿ ಎದ್ದು ನಿಂತಿದ್ದಳು.

“ನಮ್ಮ ಅಜ್ಜಿ ಮನ್ಯಾಗ ಹಿಂಗ ಬೋಲತಾಳ್ರಿ,” ಎಂದಳು, ಒಂದೊಂದೇ ಪದ ಹುಡುಕಿ. “ನನಗ ಮಾತಾಡಾಕ ನೀಟ ಬರಂಗಿಲ್ಲ. ತಿಳೀತೈತಿ.”

ಪ್ರಾಚಾರ್ಯರು ಪೇಪರ್‌ವೇಟಿನ ಅಧ್ಯಯನದಲ್ಲಿ ಮುಳುಗಿದರು. ಅವಳು ನನ್ನನ್ನು ನೋಡಿದಳು.

“ನಿಮಗೂ ಗೊತ್ತಿತ್ತೇನ್ರಿ ಸರ್?”

“ಇಲ್ಲವ್ವಾ. ನಿನ್ನ ಜೋಡೀನ ಈಗ ಕೇಳಿದೆ.”

“ಇರ್ಲಿ ಬಿಡ್ರಿ,” ಎಂದಳು, ನಂಬದವರು ಹೇಳುವ ಹಾಗೆ. “ಎನ್‌ಒಸಿ ಕೊಡ್ರಿ.”

ಅವಳು ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತಳು. ಪ್ರಾಚಾರ್ಯರು ಪಿಸುದನಿಯಲ್ಲಿ, “ಮೊದಲ ಹೇಳಬಾರದೇನ್ರಿ, ಆಕಿಗೆ ಕನ್ನಡ ಬರತೈತಂತ?” ಎಂದರು. ಅವರ ದುಃಖ ಅಷ್ಟೇ ಆಗಿತ್ತು.

“ಸಹಿ ಮಾಡ್ರಿ,” ಎಂದೆ. ಮಾಡಿದರು. ಆ ಪತ್ರವನ್ನು ನಾನೇ ಒಯ್ದು ಕೊಟ್ಟೆ. ಸಾಯಲಿ ಅದನ್ನು ಪೂರ್ತಿ ಓದಿ, ನನ್ನನ್ನು ನೋಡದೆ ಬಸ್ಸು ಹಿಡಿಯಲು ಓಡಿದಳು. ಸೀಟು ಸಿಕ್ಕಿತು. ಅಜ್ಜಿಯನ್ನು ಕಸಬೆ ಡಿಗ್ರಜ ಎಂಬ ಊರಿನ ಮಾವಶಿ, ಅಂದರೆ ಚಿಕ್ಕಮ್ಮ, ಕರೆದುಕೊಂಡು ಹೋದರಂತೆ.

ನನಗೆ ಗೊತ್ತಿರಲಿಲ್ಲ ಎಂಬುದು ನಿಜ. ಆದರೆ ಆ ಸುಳ್ಳು ಅವಳ ಮನೆಯವರೆಗೆ ತಲುಪಿದ್ದು ನನ್ನ ಬಾಯಿಂದ. ಬರೀ ಪ್ರಾಚಾರ್ಯರ ಮಾತಿಗೆ ಅವಳು ಎನ್‌ಒಸಿ ಬೇಡವೆನ್ನಲು ಬರುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಸುಳ್ಳು ಹೇಳುವವನಿಗೆ ಮೊಟ್ಟಮೊದಲು ಬೇಕಾಗುವುದು ಒಬ್ಬ ನಂಬಿಕಸ್ಥ. ನೌಕರಿಯುದ್ದಕ್ಕೂ ನಾನು ಆ ಹೆಸರು ಗಳಿಸಿದ್ದು ಯಾರ ಉಪಯೋಗಕ್ಕೆಂದು ಆ ದಿನ ತಿಳಿಯಿತು.