ಬಿಳಿ ಪೇಸ್ಟು ಮತ್ತು ನೀರಿನ ಹನಿ

ಅನುಮಾನ ನನ್ನ ಹುಟ್ಟುಗುಣ. ಹಾಲಿನವನನ್ನೂ ನಂಬುವುದಿಲ್ಲ, ಬಸ್ಸಿನ ಬೋರ್ಡನ್ನೂ ನಂಬುವುದಿಲ್ಲ, ಕಂಡಕ್ಟರನನ್ನು ಎರಡು ಸಲ ಕೇಳಿಯೇ ಹತ್ತುವವನು. ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮೀಟರುಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಾಗ, ಈ ಗುಣಕ್ಕೇ ಸಂಬಳ ಕೊಡುತ್ತಾರೆಂದು ಒಳಗೊಳಗೇ ಬೀಗಿದ್ದೆ.

ಅಲ್ಲಿ ಕಟ್ಟಿಗೆ ಉರಿಸಿ ಎಣ್ಣೆ ಕಾಯಿಸುತ್ತಿದ್ದರು. ಕುದಿಬಿಸಿ ಎಣ್ಣೆ ಕೊಳವೆಗಳಲ್ಲಿ ಸುತ್ತಿ ಹಸಿ ನೂಲು ಒಣಗಿಸುತ್ತಿತ್ತು. ಕೊಳವೆಯಲ್ಲೊಂದು ಬೆರಳುಗಾತ್ರದ ಗೂಡು, ಅದರೊಳಗೆ ಬಿಸಿ ಅಳೆಯುವ ಕಡ್ಡಿ. ಕಡ್ಡಿಯ ಸುತ್ತ ಗಾಳಿ ಉಳಿದರೆ ಬಿಸಿ ಸರಿಯಾಗಿ ತಾಗದೆ ಮೀಟರು ಕಡಿಮೆ ತೋರಿಸುತ್ತದೆ. ಅದಕ್ಕೇ ಆ ಸಂದಿಗೆ ಬಿಸಿ ದಾಟಿಸುವ ಪೇಸ್ಟು ತುಂಬಬೇಕು.

ಪೇಸ್ಟು ಆರಿಸಿದವನು ನಾನೇ. ಹುಬ್ಬಳ್ಳಿಯಿಂದ ಬಂದ ಮಾರಾಟದವನೊಬ್ಬ ಬೂದು ಬಣ್ಣದ ಪೇಸ್ಟಿನ ಡಬ್ಬಿ ಇಟ್ಟು, "ಇಷ್ಟ ಬಿಸಿಗೆ ಬಿಳಿ ಪೇಸ್ಟ್ ತಡ್ಯಾಂಗಿಲ್ರಿ, ಒಣಗಿ ಪುಡಿ ಆಗತೈತಿ" ಎಂದ. ಮಾತು ಮಾತಿಗೂ ನಗುತ್ತಿದ್ದ. ಇಷ್ಟು ನಗುವವನು ಟೋಪಿ ಹಾಕುವವನೇ ಎಂದುಕೊಂಡೆ. ಡಬ್ಬಿ ಡ್ರಾವರು ಸೇರಿತು. ರೇಡಿಯೋ ರಿಪೇರಿಯ ದಿನಗಳಿಂದ ನನಗೆ ಗೊತ್ತಿದ್ದ ಬಿಳಿ ಪೇಸ್ಟನ್ನೇ ತುಂಬಿದೆ.

ಎರಡು ತಿಂಗಳಾದ ಮೇಲೆ ನೇಕಾರರು ನೂಲು ವಾಪಸ್ ತರತೊಡಗಿದರು. ಹಳದಿಗಟ್ಟಿದ ಎಳೆ, ಮಗ್ಗಕ್ಕೆ ಹಾಕಿದರೆ ಪಟಪಟ ಹರಿಯುತ್ತಿತ್ತು. ಮೀಟರು ಮಾತ್ರ ಬಿಸಿ ಸಾಲದು ಎನ್ನುತ್ತಿತ್ತು. ನನ್ನ ಅನುಮಾನ ನೇರ ಒಲೆಗೆ ಕಟ್ಟಿಗೆ ಹಾಕುವ ಕಾಕಾನ ಮೇಲೆ ಹೋಯಿತು. ತೇರದಾಳದ ಕುರಿಗಾರರ ಮನೆಯವನು, ಹಣೆಗೆ ಬೀರಪ್ಪನ ಭಂಡಾರದ ಅರಿಸಿನ, ಹೆಗಲಿಗೆ ಕಂಬಳಿ. ಕಟ್ಟಿಗೆ ಹಾಕೆಂದರೆ ಲೋಟದಲ್ಲಿ ಬೆರಳದ್ದಿ ಬರಿ ಕೊಳವೆಯ ಮೇಲೆ ನೀರು ಚಿಮುಕಿಸುತ್ತಿದ್ದ.

"ದಿನಾ ಚುಂಯ್ ಅಂತ ಆರತಿದ್ದ ಹನಿ ಈಗ ಕುಣದ ಓಡಾಕತ್ತೈತ್ರಿ, ಮಿಸ್ತ್ರಿ. ರೊಟ್ಟಿ ಹಂಚ ಅತಿ ಕಾದ್ರ ಹಿಂಗ ಆಗತೈತಿ. ಕಟ್ಟಿಗಿ ಸಾಕ್ರಿ."

"ಹನಿ ನೋಡಿ ಕಾರ್ಖಾನಿ ನಡ್ಯಾಂಗಿಲ್ಲ ಕಾಕಾ. ಮೀಟರ ನೋಡಿ ಹಾಕ."

ನಾನು ಆಚೆ ಹೋದಾಗ ಒಮ್ಮೆಲೇ ಕಟ್ಟಿಗೆ ತುರುಕಿ ಕೈ ಕಟ್ಟಿ ಕೂರುತ್ತಾನೆ, ನೂಲು ಸುಡುವುದು ಆಗಲೇ ಎಂದು ಲೆಕ್ಕ ಹಾಕಿದೆ. ಎರಡು ದಿನ ನೂಲಿನ ಗಂಟುಗಳ ಹಿಂದೆ ಅಡಗಿ ನೋಡಿದೆ. ಏನೂ ಕಾಣಲಿಲ್ಲ. ಭಾರಿ ಹುಷಾರಿದ್ದಾನೆ ಮುದುಕ ಎಂದುಕೊಂಡೆ! ಸಾಹುಕಾರರು ಯಾರ ತಪ್ಪು ಎಂದು ಕೇಳಿದಾಗ ಅವನ ಹೆಸರು ಹೇಳಿದೆ. ಅಂದೇ ಅವನನ್ನು ಕೆಲಸದಿಂದ ಬಿಡಿಸಿದರು. ಕಾಕಾ ಕಂಬಳಿ ಕೊಡವಿಕೊಂಡು ಹೊರಟುಹೋದ.

ಹೊಸಬ ಬಂದ. ನಾನೇ ಪಕ್ಕದಲ್ಲಿ ನಿಂತು, ಮೀಟರು ಹೇಳಿದಷ್ಟೇ ಕಟ್ಟಿಗೆ ಹಾಕಿಸಿದೆ. ನೂಲು ಮತ್ತೂ ಹಳದಿಯಾಯಿತು. ಅನುಮಾನ ಪಡಲು ಇನ್ನು ಯಾರೂ ಉಳಿದಿರಲಿಲ್ಲ. ವಾರದ ರಜೆಯ ದಿನ, ಕೊಳವೆ ತಣ್ಣಗಿದ್ದಾಗ ಕಡ್ಡಿ ಎಳೆದೆ. ಅಂಗೈಗೆ ರಂಗೋಲಿ ಹಿಟ್ಟಿನಂಥ ಬಿಳಿ ಪುಡಿ ಉದುರಿತು. ಡ್ರಾವರಿನ ಬೂದು ಪೇಸ್ಟು ತುಂಬಿ ಮರುದಿನ ಉರಿ ಹಾಕಿಸಿದರೆ, ಹಿಂದಿನಷ್ಟೇ ಕಟ್ಟಿಗೆಗೆ ಮೀಟರಿನ ಮುಳ್ಳು ಅತಿ ಬಿಸಿಯ ಕೆಂಪು ಗೆರೆ ದಾಟಿತು. ನಾಚಿಕೆಯಿಂದ ಕುಗ್ಗಿಹೋದೆ.

ಸಾಹುಕಾರರ ಮುಂದೆ ತಪ್ಪು ಒಪ್ಪಿಕೊಂಡು ತೇರದಾಳದ ಬಸ್ಸು ಹತ್ತಿದೆ. ಕಾಕಾ ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ.

"ಮೀಟರ ಸುಳ್ಳ ಹೇಳಿತ್ತು ಕಾಕಾ. ಕೆಲಸಕ್ಕ ಬಾ" ಎಂದೆ.

ಅವನು ಹಗ್ಗದಿಂದ ಕಣ್ಣೆತ್ತಲಿಲ್ಲ. "ಸಾವಕಾರ್ರ ಮುಂದ ನನ್ನ ಹೆಸರ ಮೀಟರ ಹೇಳಿತ್ತೇನ್ರಿ?"

"ಇಲ್ಲ ಕಾಕಾ. ನಾ ಹೇಳಿದ್ದೆ."

ಮರುದಿನ ಬಂದ. ಆದರೆ ಅಂದಿನಿಂದ ಅವನು ಕೊಳವೆಗೆ ನೀರು ಚಿಮುಕಿಸಲಿಲ್ಲ. ಲೋಟ ನನ್ನ ಕೈಗೆ ಕೊಟ್ಟು, "ನೀವ ನೋಡ್ರಿ" ಎಂದು ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದ. ನಾನು ಆ ಕೆಲಸ ಬಿಡುವವರೆಗೂ, ಹನಿ ಆರಿತೋ ಕುಣಿಯಿತೋ ಎಂದು ಅವನು ನನಗೆ ಮತ್ತೊಮ್ಮೆ ಹೇಳಲಿಲ್ಲ.