ಟಿವಿಯ ಬಾಯಿ ಮುಚ್ಚಿಸಿದ್ದು ಯಾರು

ಅವಳಿಗೆ ಸಿಟ್ಟು ಜಾಸ್ತಿ ಎಂಬುದು ಬೀದಿಗೆಲ್ಲ ಗೊತ್ತಿದ್ದ ವಿಷಯ. ಅವಳು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯ ಮಾಲೀಕನೇ ಪಟಾಕಿ ಅಂತ ಹೆಸರಿಟ್ಟಿದ್ದ. ಸಾಲು ಬಿಟ್ಟು ಮುಂದೆ ನುಗ್ಗಿದವರನ್ನು ಅವಳು ಹಿಂದಕ್ಕೆ ಅಟ್ಟುತ್ತಿದ್ದ ರೀತಿ ಹಾಗಿತ್ತು. ಆದರೆ ಸಿಟ್ಟಿನವರಿಗೆ ಈ ಲೋಕದಲ್ಲಿ ಒಂದು ಅನ್ಯಾಯ ತಪ್ಪಿದ್ದಲ್ಲ. ಮನೆಯಲ್ಲಿ ಏನು ಒಡೆದರೂ ಏನು ಕೆಟ್ಟರೂ ಎಲ್ಲರೂ ಮೊದಲು ಅವರ ಮುಖವನ್ನೇ ನೋಡುತ್ತಾರೆ. ಮೆತ್ತಗೆ ಮಾತಾಡುವವನು ಮನೆಗೇ ಬೆಂಕಿ ಇಟ್ಟರೂ ಅವನ ಕೈಯಲ್ಲಿರುವ ಕಡ್ಡಿಪೆಟ್ಟಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಅವಳ ಗಂಡ ಮೆತ್ತಗೆ ಮಾತಾಡುವವನು. ಹಣ್ಣು ತರಕಾರಿ ಕೆಡದಂತೆ ಇಡುವ ದೊಡ್ಡ ಗೋದಾಮೊಂದರಲ್ಲಿ ಅವನದು ರಾತ್ರಿ ಪಾಳಿ. ಬೆಳಿಗ್ಗೆ ಬಂದು ಒಳಕೋಣೆಯಲ್ಲಿ ಮುಸುಕೆಳೆದನೆಂದರೆ ಮತ್ತೆ ಏಳುವುದು ಸಂಜೆಗೇ. ಒಳ್ಳೆಯವನು, ಯಾರಿಗೂ ಎದುರು ಮಾತಾಡದವನು ಎಂದು ನೆಂಟರಿಷ್ಟರೆಲ್ಲ ಹೊಗಳುತ್ತಾರೆ. ತಾಯಿಯ ಮುಂದಂತೂ 'ಇಲ್ಲ' ಎಂಬ ಮಾತು ಇವತ್ತಿನವರೆಗೆ ಅವನ ಬಾಯಿಂದ ಹೊರಟಿಲ್ಲ.

ಆ ತಾಯಿಗೆ, ಅಂದರೆ ಅವಳ ಅತ್ತೆಗೆ, ಕಣ್ಣಿನ ನರ ಒಣಗಿ ದೃಷ್ಟಿ ಹೋಗಿತ್ತು. ನಾಲಿಗೆಗೆ ಏನೂ ಆಗಿರಲಿಲ್ಲ. ಕಣ್ಣು ಹೋದ ಮೇಲೆ ಅತ್ತೆಯ ಪ್ರಪಂಚವೆಲ್ಲ ನಡುಮನೆಯ ಗೋಡೆಗೆ ನೇತುಹಾಕಿದ್ದ ಟಿವಿಯೊಳಗೆ ಬಂದು ಸೇರಿತ್ತು. ನೋಡುವವರಿಗಿಂತ ಚೆನ್ನಾಗಿ ಅವರು ಟಿವಿ ಕೇಳುತ್ತಿದ್ದರು. ಧಾರಾವಾಹಿಯಲ್ಲಿ ಬಾಗಿಲು ಕಿರ್ ಅಂದರೆ ಸಾಕು, "ಬಂದ ನೋಡು ಆ ಮನೆಹಾಳ" ಅನ್ನುವರು. ಚಪ್ಪಲಿ ಸದ್ದಿನಲ್ಲೇ ಯಾರು ಯಾವ ಬುದ್ಧಿಯವರೆಂದು ಹೇಳುವರು. ಬೆಳಗಿನ ಕಾಫಿ ಮುಗಿಯುತ್ತಲೇ ಶುರುವಾದರೆ ರಾತ್ರಿ ಊಟದವರೆಗೆ ಅದೇ, ಅದೂ ಮನೆಯ ಹೆಂಚು ಹಾರುವಷ್ಟು ಜೋರಾಗಿ.

ಒಂದು ದಿನ ಸದ್ದು ನಿಂತುಹೋಯಿತು. ಚಿತ್ರ ಬರುತ್ತಿತ್ತು, ಬಾಯಿಗಳು ಆಡುತ್ತಿದ್ದವು, ಮಾತು ಮಾತ್ರ ಇಲ್ಲ. ಚಿತ್ರವಿದ್ದು ಸದ್ದಿಲ್ಲದ ಟಿವಿ ಕಣ್ಣಿಲ್ಲದವರಿಗೆ ಯಾವ ಪ್ರಯೋಜನಕ್ಕೆ? ಸಂಜೆ ಅವಳು ಅಂಗಡಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು.

"ನನ್ನ ಬಾಯಿ ಮುಚ್ಚಿಸೋಕೆ ಆಗ್ಲಿಲ್ಲ, ಅದಕ್ಕೆ ಟಿವಿ ಬಾಯಿ ಮುಚ್ಚಿಸಿದಾಳೆ ಮಹರಾಯ್ತಿ!"

"ನಾನು ಮನೇಲೇ ಇರ್ಲಿಲ್ವಲ್ಲ ಅತ್ತೆ!"

"ಹೋಗೋಕೆ ಮುಂಚೆ ಮಾಡಿಟ್ಟು ಹೋಗಿದೀಯ. ನಿನ್ನೆ ನೀನೇ ಅಂದಿಲ್ವಾ, ಈ ಗಲಾಟೇಲಿ ತಲೆ ಸಿಡೀತಿದೆ ಅಂತ?"

ಅಂದಿದ್ದಳು. ಅಂದದ್ದು ನಿಜ. ಬಾಯಿಬಿಟ್ಟು ಅಂದವಳು ಮನೆಯಲ್ಲಿ ಅವಳೊಬ್ಬಳೇ, ಅದೇ ಅವಳ ಕೊರಳಿಗೆ ಸುತ್ತಿಕೊಂಡಿತು. ಅತ್ತೆ ತಮ್ಮ ಮಗಳಿಗೆ ಫೋನ್ ಮಾಡಿದರು, ತಂಗಿಗೆ ಮಾಡಿದರು, ಕಿಟಕಿಯಲ್ಲಿ ನಿಂತು ಪಕ್ಕದ ಮನೆಯವರಿಗೂ ಒಪ್ಪಿಸಿದರು. ಗಂಡ ಒಬ್ಬ ಮೆಕ್ಯಾನಿಕ್‌ನನ್ನು ಕರೆತಂದ. ಆ ಮಹಾನುಭಾವ ಟಿವಿಯನ್ನು ಗೋಡೆಯಿಂದ ಇಳಿಸಲೂ ಇಲ್ಲ. ದೂರ ನಿಂತು ರಿಮೋಟ್ ಒತ್ತಿ, "ಬೋರ್ಡ್ ಹೋಗಿದೆ. ಹೊಸದೇ ತಗೊಳ್ಳಿ" ಎಂದು ಕಾಫಿ ಕುಡಿದು ಹೋದ. ಅವನು ಹೋದ ಮೇಲೆ ಗಂಡ ಹೆಂಡತಿಯ ಹತ್ತಿರ ಬಂದು, ತನ್ನ ಅದೇ ಮೆತ್ತನೆಯ ದನಿಯಲ್ಲಿ ಕೇಳಿದ, "ನೀನೇನಾದ್ರೂ ಮುಟ್ಟಿದ್ಯಾ?"

ಅತ್ತೆಯ ಬೈಗುಳವನ್ನು ಅವಳು ಎಷ್ಟೋ ವರ್ಷಗಳಿಂದ ಕೇಳಿದ್ದಳು, ಒಂದು ಕಿವಿಯಿಂದ ಬಂದು ಇನ್ನೊಂದರಿಂದ ಹೋಗುತ್ತಿತ್ತು. ಆದರೆ ಗಂಡನ ಈ ಪ್ರಶ್ನೆ ಒಳಗೇ ಉಳಿದು ಉರಿಯಿತು.

ವಾರಗಳು ಕಳೆದರೂ ಅತ್ತೆಯ ಹಟ ಇಳಿಯಲಿಲ್ಲ. ಕೊನೆಗೆ, "ಈ ಮನೇಲಿ ನನಗೆ ಕಣ್ಣೂ ಇಲ್ಲ, ಕಿವೀನೂ ಇಲ್ದ ಹಾಗೆ ಮಾಡಿದ್ರು, ನಾನು ಮಗಳ ಮನೆಗೆ ಹೋಗ್ತೀನಿ" ಎಂದು ಬಟ್ಟೆ ಮಡಿಸತೊಡಗಿದರು. ಭಾನುವಾರ ಸಂಜೆ ನಾದಿನಿ ಬಂದು ಕರೆದೊಯ್ಯುವುದೆಂದು ಗೊತ್ತಾಯಿತು. ಅತ್ತೆ ನಾಲ್ಕು ದಿನ ಮಗಳ ಮನೆಯಲ್ಲಿದ್ದರೆ ಸೊಸೆಗೆ ಸುಖವೇ. ಆದರೆ ಹೀಗೆ ಹೋದರೆ? ಕಣ್ಣಿಲ್ಲದ ಮುದುಕಿಯನ್ನು ಮನೆಬಿಟ್ಟು ಓಡಿಸಿದವಳು ಎಂಬ ಮಾತು ಸಾಯುವತನಕ ಅವಳ ಬೆನ್ನು ಬಿಡುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ಭಾನುವಾರ ಊಟವಾದ ಮೇಲೆ ಅವಳು ನಡುಮನೆಯಲ್ಲಿ ಹಾಸಿಗೆ ಹಾಸಿ, ಟಿವಿಯನ್ನು ಗೋಡೆಯಿಂದ ಇಳಿಸಿ, ಮಗು ಮಲಗಿಸಿದ ಹಾಗೆ ಬೋರಲು ಮಲಗಿಸಿದಳು. ವೈರುಗಳನ್ನೆಲ್ಲ ಮೊದಲೇ ಕಿತ್ತಿದ್ದಳು. ಅವಳ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಟಾರ್ಚ್ ಹಿಡಿಯುವ ಕೆಲಸ ಅವಳದು. ಟಾರ್ಚ್ ಅಲುಗಿದರೆ ಅಪ್ಪ ಬೈಯುತ್ತಿದ್ದ. ಸಿಟ್ಟು ಅವಳಿಗೆ ಅಪ್ಪನಿಂದ ಬಂದ ಆಸ್ತಿ, ಸ್ಕ್ರೂಡ್ರೈವರ್ ಡಬ್ಬಿಯೂ ಹಾಗೆಯೇ.

"ಇರೋದನ್ನೂ ಪೂರ್ತಿ ಹಾಳು ಮಾಡ್ತಿದೀಯೇನೇ?" ಕುರ್ಚಿಯಲ್ಲಿ ಕೂತ ಅತ್ತೆ ಕೇಳಿದರು. ಪಕ್ಕದಲ್ಲಿ ಕಟ್ಟಿಟ್ಟ ಬ್ಯಾಗು.

"ಹಾಳಾಗಿದೆಯಲ್ಲ, ಇನ್ನೇನು ಹಾಳು ಮಾಡ್ಲಿ?"

ಉದ್ದ ಸ್ಕ್ರೂಗಳನ್ನು ಒಂದು ಮುಚ್ಚಳದಲ್ಲಿ, ಗಿಡ್ಡವನ್ನು ಇನ್ನೊಂದರಲ್ಲಿ ಹಾಕುತ್ತ ಹೋದಳು. ಒಂದೊಂದು ಸ್ಕ್ರೂ ತಿರುಗಿಸುವಾಗಲೂ ಒಬ್ಬೊಬ್ಬರನ್ನು ನೆನೆಸಿಕೊಂಡಳು. ಇದು ನಾದಿನಿಗೆ. ಇದು ಕಾಫಿ ಕುಡಿದು ಹೋದ ಮೆಕ್ಯಾನಿಕ್‌ಗೆ. ಬಿಗಿಯಾಗಿ ಕೂತು ತಲೆ ಸವೆದಿದ್ದ ಸ್ಕ್ರೂ ಒಂದಿತ್ತು, ಅದು ಗಂಡನಿಗೆ. ಹಿಂದಿನ ಮುಚ್ಚಳ ಎತ್ತುವಾಗ ಒಂದು ಮೂಲೆಯಲ್ಲಿ ಏನೋ ತಡೆಯಿತು. ಸಿಟ್ಟಿನಲ್ಲೇ ಸ್ವಲ್ಪ ಎಳೆದಳು, ಬಂತು.

ಒಳಗೆ ಧೂಳು, ಎರಡು ಬೋರ್ಡು, ಕೆಳಗೆ ಎರಡೂ ಬದಿಗೆ ಉದ್ದನೆಯ ಸ್ಪೀಕರು. ಸ್ಪೀಕರ್ ಸತ್ತಿದೆಯೋ ಬದುಕಿದೆಯೋ ನೋಡಲು ಅಪ್ಪ ಒಂದು ಉಪಾಯ ಕಲಿಸಿದ್ದ. ಅದರ ವೈರನ್ನು ಬೋರ್ಡಿನಿಂದ ಬಿಡಿಸಿ, ಗಡಿಯಾರದ ಸೆಲ್ಲಿನ ಎರಡು ತುದಿಗೆ ಮುಟ್ಟಿಸುವುದು. ಮುಟ್ಟಿಸಿದಳು.

"ಅದೇನೇ ಟಕ್ ಅಂತು?" ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಆ ಕಿವಿಗೆ ಮೋಸ ಮಾಡುವವರಿಲ್ಲ.

"ಸ್ಪೀಕರ್ ಅತ್ತೆ. ಚೆನ್ನಾಗೇ ಇದೆ." ಇನ್ನೊಂದು ಬದಿಯದಕ್ಕೂ ಮುಟ್ಟಿಸಿದಳು. ಅದೂ ಟಕ್ ಅಂದಿತು. ಮಾತಾಡಲು ಬಾಯಿ ಸರಿಯಿದೆ. ಹಾಗಾದರೆ ಮಾತು ಎಲ್ಲಿ ಹೋಗುತ್ತಿದೆ?

ಟಾರ್ಚ್ ಬೆಳಕು ಬಿಟ್ಟು ಬೋರ್ಡಿನ ಅಂಚನ್ನು ನೋಡುತ್ತ ಹೋದಳು. ಸುಟ್ಟ ಕಲೆಯಿಲ್ಲ, ಉಬ್ಬಿದ ಬಿಡಿಭಾಗವಿಲ್ಲ. ಅಂಚಿನುದ್ದಕ್ಕೂ ವೈರು ಚುಚ್ಚುವ ತೂತುಗಳು, ಎಲ್ಲ ಖಾಲಿ. ಒಂದು ಮಾತ್ರ ಖಾಲಿಯಿರಲಿಲ್ಲ. ಇಯರ್‌ಫೋನ್ ಚುಚ್ಚುವ ತೂತಿನಲ್ಲಿ ಬೆರಳ ಗೆಣ್ಣಿನಷ್ಟು ಕಪ್ಪು ತುಂಡು ನಿಂತಿತ್ತು. ಮುಚ್ಚಳಕ್ಕೆ ತಗುಲಿದ್ದು ಅದೇ. ಎಳೆದಳು. ಇಯರ್‌ಫೋನಿನ ಪಿನ್ನು. ವೈರನ್ನು ಬುಡದಲ್ಲೇ ಕತ್ತರಿಸಿ, ಪಿನ್ನನ್ನು ಮಾತ್ರ ಒಳಗೆ ಒತ್ತಿದ್ದರು. ಆ ತೂತಿಗೆ ಪಿನ್ನು ಹೋದರೆ ಸ್ಪೀಕರ್ ಸುಮ್ಮನಾಗುತ್ತದೆ, ಸದ್ದೆಲ್ಲ ಇಯರ್‌ಫೋನಿಗೆ. ಇಲ್ಲಿ ಇಯರ್‌ಫೋನೇ ಇಲ್ಲ. ಅಷ್ಟು ದಿನದ ಮಾತೆಲ್ಲ ಈ ತುಂಡಿನೊಳಗೆ ಹೋಗಿ ಸತ್ತಿತ್ತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಯಾರ ಕೆಲಸ ಎಂದು ಅವಳು ಯೋಚಿಸಬೇಕಾಗಲಿಲ್ಲ. ಒಳಕೋಣೆಗೆ ನುಗ್ಗಿ ಆ ಮುಸುಕು ಕಿತ್ತೆಸೆಯಬೇಕು ಅನ್ನಿಸಿತು. ಆದರೆ ಮೊದಲು ವೈರುಗಳನ್ನು ಸೇರಿಸಿ, ಮುಚ್ಚಳ ಕೂರಿಸಿ, ಟಿವಿಯನ್ನು ಗೋಡೆಗೆ ಏರಿಸಿ ಸ್ವಿಚ್ ಒತ್ತಿದಳು. ಧಾರಾವಾಹಿಯಲ್ಲಿ ಯಾವಳೋ ಒಬ್ಬಳು ಮನೆ ಕಿತ್ತುಹೋಗುವ ಹಾಗೆ ಅಳತೊಡಗಿದಳು.

"ಬಂತು! ಬಂತು ಕಣೇ!" ಅತ್ತೆ ಎರಡೂ ಕೈ ಎತ್ತಿದರು. "ಏನಾಗಿತ್ತೇ ಅದಕ್ಕೆ?"

ಅವಳು ಉತ್ತರ ಕೊಡದೆ ಪಿನ್ನನ್ನು ಅತ್ತೆಯ ಅಂಗೈಯಲ್ಲಿಟ್ಟಳು. ಅತ್ತೆಯ ಬೆರಳು ಪಿನ್ನಿನ ಮೇಲೆ ಹರಿದು, ಕತ್ತರಿಸಿದ ತುದಿಯಲ್ಲಿ ನಿಂತಿತು. ಅಲ್ಲಿ ಉಳಿದಿದ್ದ ವೈರಿನ ಚೂರಿಗೆ ನೂಲು ಸುತ್ತಿತ್ತು. ನೂಲು ಸುತ್ತಿದ ಇಯರ್‌ಫೋನ್ ಆ ಮನೆಯಲ್ಲಿದ್ದದ್ದು ಒಂದೇ. ಮಗ ತಾಯಿಗೆಂದು ತಂದುಕೊಟ್ಟದ್ದು. ಕಿವಿಗೆ ಗೂಟ ಹೊಡ್ಕೊಳ್ಳಲ್ಲ ಅಂತ ಅವರೇ ಎಸೆದದ್ದು.

ಅತ್ತೆ ಪಿನ್ನನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಆಮೇಲೆ ದನಿ ತಗ್ಗಿಸಿ ಅಂದರು, "ಪಾಪ, ನಿದ್ದೆ ಇಲ್ದೆ ಹಾಗೆ ಮಾಡಿದಾನೆ. ಅವನಿಗೇನೂ ಅನ್ಬೇಡ."

ಪಾಪ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಆಮೇಲೆ ಎತ್ತಿಗೊಂದು ಪಾಪ, ಎಮ್ಮೆಗೆ ಅದೂ ಇಲ್ಲ. ಅವಳು ಅತ್ತೆಯ ಕೈಯಿಂದ ಪಿನ್ನು ಕಸಿದು, ಟಿವಿಯ ಹಿಂದೆ ಕೈ ಹಾಕಿ ಮತ್ತೆ ಚುಚ್ಚಿದಳು. ಅಳು ನಿಂತಿತು.

"ಈಗ ಟಿವಿ ಬಾಯಿ ಮುಚ್ಚಿಸಿದ್ದು ನಾನೇ, ಎಲ್ಲರಿಗೂ ಹೇಳಿ. ಮೊದಲು ಮುಚ್ಚಿಸಿದ್ದು ಯಾರು ಅಂತಾನೂ ಹೇಳಿ. ನಿಮ್ಮ ಮಗಳಿಗೆ ಈಗಲೇ ಫೋನ್ ಮಾಡಿ. ಅಲ್ಲೀವರೆಗೂ ನಾನಿದನ್ನ ಕೀಳಲ್ಲ."

ಅಳುವಿನ ಸದ್ದಿಗೆ ಎಚ್ಚರವಾಗಿ ಗಂಡ ಬಾಗಿಲಿಗೆ ಬಂದಿದ್ದ. ಅಮ್ಮನ ಮುಖ ನೋಡಿದ, ಹೆಂಡತಿಯ ಕೈ ಎಲ್ಲಿದೆಯೆಂದು ನೋಡಿದ, ಅಲ್ಲೇ ಕಂಬವಾದ. ಅವಳೇ ನಾದಿನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಅತ್ತೆಯ ಮುಂದೆ ಹಿಡಿದಳು.

"ಹೊರಟೆ ಅಮ್ಮ, ಬ್ಯಾಗ್ ರೆಡಿನಾ?" ನಾದಿನಿಯ ದನಿ.

"ಬರ್ಬೇಡ ಕಣೇ. ಟಿವಿಗೆ ಏನೂ ಆಗಿರ್ಲಿಲ್ಲ. ನಿನ್ನ ಅಣ್ಣನೇ ಹಿಂದೆ ಏನೋ ಚುಚ್ಚಿಟ್ಟಿದ್ದ, ಸದ್ದು ಬರ್ದೇ ಇರ್ಲಿ ಅಂತ."

ಆ ಕಡೆಯಿಂದ, "ಅಯ್ಯೋ ಪಾಪ, ರಾತ್ರಿಯೆಲ್ಲ ನಿದ್ದೆಗೆಟ್ಟು ಹಾಗೆ ಮಾಡಿರ್ಬೇಕು. ಬಿಡಮ್ಮ."

ಅತ್ತೆಯ ಮುಖ ಗಂಟಾಯಿತು. ತಾನು ಈಗಷ್ಟೇ ಆಡಿದ ಮಾತು ಮಗಳ ಬಾಯಿಂದ ತಿರುಗಿ ಬಂದಾಗ ಅದರ ದನಿಯೇ ಬೇರೆಯಾಗಿ ಕೇಳಿಸಿತೋ ಏನೋ.

"ಅವನು ಪಾಪ ಅಂತೆ!" ಎಂದು ಗುಡುಗಿದರು. "ದಿನಾ ನೀನೂ ನಾನೂ ಸೇರ್ಕೊಂಡು ಇವಳನ್ನ ಬೈತಿದ್ವಲ್ಲ, ಹಾಗಾದ್ರೆ ಇವಳೇನೇ? ಇಡು ಫೋನು!"

ಅವಳು ಫೋನ್ ಕೆಳಗಿಟ್ಟು ಪಿನ್ನು ಕಿತ್ತಳು. ಅಳು ಮತ್ತೆ ಭೋರೆಂದು ಶುರುವಾಯಿತು. ಅತ್ತೆಯ ಮಾತಿಗೆ ಅವಳ ಕಣ್ಣು ತುಂಬಿತ್ತು, ಆದರೆ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಗಂಡ ಮೆಲ್ಲಗೆ ಒಳಕೋಣೆಗೆ ತಿರುಗುವುದು ಕಂಡಿತು.

"ಎಲ್ಲಿಗೆ? ನಿಂತ್ಕೊಳ್ಳಿ. ಅವತ್ತೇ ಅಮ್ಮನಿಗೆ ಹೇಳ್ಬೇಕಾಗಿದ್ದ ಮಾತೊಂದಿದೆ, ಈಗ ಹೇಳಿ."

ಅವನ ತುಟಿ ಅಲುಗಿತು. ಸದ್ದಿಲ್ಲದ ಟಿವಿಯಲ್ಲಿ ಬಾಯಿ ಆಡುವ ಹಾಗೆಯೇ ಇತ್ತು.

"ಕೇಳಿಸ್ಲಿಲ್ಲ ಕಣೋ," ಎಂದರು ಅತ್ತೆ.

ಅವಳು ರಿಮೋಟ್ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಗಂಡ ಗೋಡೆ ನೋಡಿದ, ಚಾವಣಿ ನೋಡಿದ, ಕೊನೆಗೆ ಹುಟ್ಟಿದ ಮೇಲೆ ಮೊದಲ ಸಲ ಗಂಟಲು ಹರಿಯುವ ಹಾಗೆ ಕೂಗಿದ.

"ಸದ್ದು ಕಮ್ಮಿ ಮಾಡಮ್ಮಾ! ನಂಗೆ ನಿದ್ದೆ ಬರಲ್ಲ!"

"ಇಷ್ಟೇನಾ?" ಅತ್ತೆ ತಲೆ ಚಚ್ಚಿಕೊಂಡರು. "ಇಷ್ಟು ಹೇಳೋಕಾಗ್ದೆ ಇವಳನ್ನ ಇಷ್ಟು ದಿನ ಉರಿಸಿದ್ಯೇನೋ?"

ಅವಳು ರಿಮೋಟ್ ಒತ್ತಿ ಸದ್ದು ಇಳಿಸಿದಳು, ಅತ್ತೆಗೆ ಕೇಳುವಷ್ಟು, ಒಳಕೋಣೆಗೆ ಕೇಳದಷ್ಟು. ಆಮೇಲೆ ಪಿನ್ನನ್ನು ತಂದು ಗಂಡನ ಕೈಗೆ ಹಾಕಿ, ಅವನು ಬೆಳಿಗ್ಗೆಯಿಂದ ಮಲಗಿದ್ದ ಹಾಸಿಗೆಗೆ ಹೋಗಿ, ಬಾಗಿಲು ಹಾಕಿಕೊಂಡು ಮಲಗಿದಳು.